ಕನ್ನಡದ ಓದಿಗೆ ತಕ್ಕ ಟ್ಯಾಬ್ಲೆಟ್: ಮಿತವೆಚ್ಚದ ಆಯ್ಕೆ

ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಬೋಧಿಸಿದ ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅಂತಹ ಪರಂಪರೆಯುಳ್ಳ ಸಾಂಗ್ಲಿ-ಮಿರಜಗಳಲ್ಲಿ ಇಂದು ಅಂಗಡಿಗೆ ಹೋಗಿ ಕನ್ನಡ ಗ್ರಂಥವೊಂದನ್ನು ಕೊಳ್ಳುವುದು ಸುಲಭವಲ್ಲ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿ ಪದವಿಗೆ ಬಂದ ವಿದ್ಯಾರ್ಥಿ ಪುಸ್ತಕಕ್ಕಾಗಿ ಬೆಳಗಾವಿ, ವಿಜಯಪುರ ಅಥವಾ ಧಾರವಾಡದತ್ತ ನೋಡಬೇಕಾಗುತ್ತದೆ. ಇಂತಹವರಿಗೆ ಟ್ಯಾಬ್ಲೆಟ್ ವಿನೋದದ ವಸ್ತುವಲ್ಲ, ಗ್ರಂಥಾಲಯ. ಆದರೆ ಅದಕ್ಕೆ ತೆರುವ 10-15 ಸಾವಿರ ರೂಪಾಯಿ ಬೇಸಾಯದ ಮನೆಗೆ ಸಣ್ಣ ಮೊತ್ತವಲ್ಲ. ಹೀಗಾಗಿ ಆಯ್ಕೆಗೆ ಪುಸ್ತಕದ ಪುಟವೇ ಅಳತೆಗೋಲಾಗಬೇಕು.

ಇಂಟರ್‌ನೆಟ್ ಆರ್ಕೈವ್‌ನಲ್ಲಿ ದೊರೆಯುವ ಹಳೆಯ ಕನ್ನಡ ಗ್ರಂಥಗಳು ಬಹುತೇಕ ಸ್ಕ್ಯಾನ್ ಮಾಡಿದ ಪುಟಗಳು, ಅಂದರೆ ಚಿತ್ರಗಳು. ವಿಕಿಸೋರ್ಸ್‌ನ ಪಠ್ಯದಲ್ಲಿ ಅಕ್ಷರವನ್ನು ಹಿಗ್ಗಿಸಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಚಿತ್ರವನ್ನು ಹಿಗ್ಗಿಸಿದರೆ ಸಾಲಿನ ತುದಿ ಪರದೆಯಾಚೆ ಸರಿಯುತ್ತದೆ. ಡೆಮಿ 1/8 ಆಕಾರದ ಪುಸ್ತಕದ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದವಿರುತ್ತದೆ. ಅದರ ಕರ್ಣ 10 ಇಂಚಿಗೆ ಹತ್ತಿರ. ಪರದೆಯನ್ನೂ ಕರ್ಣದಿಂದಲೇ ಅಳೆಯುವುದರಿಂದ 10 ಇಂಚಿನ ಟ್ಯಾಬ್ಲೆಟ್‌ನಲ್ಲಿ ಪುಟ ಹೆಚ್ಚುಕಡಿಮೆ ನಿಜ ಗಾತ್ರದಲ್ಲಿ ಕಾಣುತ್ತದೆ. 8 ಇಂಚಿನದರಲ್ಲಿ ಅದು ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ.

ಗಾತ್ರದಷ್ಟೇ ಸ್ಪಷ್ಟತೆಯೂ ಮುಖ್ಯ. 10.1 ಇಂಚಿನ ಪರದೆಯಲ್ಲಿ 1280×800 ಬಿಂದುಗಳಿದ್ದರೆ ಇಂಚಿಗೆ ಸುಮಾರು 149 ಬಿಂದುಗಳು. 1920×1200 ಇದ್ದರೆ ಸುಮಾರು 224. ಹಳಗನ್ನಡ ಪದ್ಯದ ಒತ್ತಕ್ಷರಗಳು ಎರಡನೆಯದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಕ್ಯಾಮೆರಾಕ್ಕೆ ಕೊಡುವ ಹಣವನ್ನು ಪರದೆಗೆ ಕೊಡುವುದು ಲೇಸು.

ರ‍್ಯಾಮ್ 4 ಜಿಬಿಗಿಂತ ಕಡಿಮೆ ಇರಬಾರದು. ಸಂಗ್ರಹ 64 ಜಿಬಿ ಇದ್ದು, ಮೆಮೊರಿ ಕಾರ್ಡಿಗೆ ಎಡೆಯಿದ್ದರೆ ಸಾಕು. ಸಿಮ್ ಇಲ್ಲದ, ವೈಫೈ ಮಾತ್ರವಿರುವ ಮಾದರಿಗೆ ಬೆಲೆ ಕಡಿಮೆ. ಮೊಬೈಲಿನ ಹಾಟ್‌ಸ್ಪಾಟ್ ಬಳಸಿ ಪುಸ್ತಕಗಳನ್ನು ಇಳಿಸಿಕೊಂಡರೆ ಊರಿನಲ್ಲಿ ಸಂಪರ್ಕವಿಲ್ಲದೆಯೂ ಓದಬಹುದು.

ಒಂದು ತೊಡಕನ್ನು ಮಾತ್ರ ಹಣದಿಂದ ನೀಗಿಸಲಾಗದು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್‌ಪೂರ್ವ ಫಾಂಟುಗಳಲ್ಲಿ ಬೆರಳಚ್ಚಾದ ಟಿಪ್ಪಣಿಗಳು, ಆ ಫಾಂಟಿಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಅದು ಟ್ಯಾಬ್ಲೆಟ್‌ನ ದೋಷವಲ್ಲ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ ಅಥವಾ ಪಿಡಿಎಫ್ ರೂಪದಲ್ಲಿ ಪಡೆಯಬೇಕು.

ಅಗ್ಗವೊಂದೇ ಗುಣವಾಗದೆಂಬುದಕ್ಕೆ 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ‘ಆಕಾಶ್’ ನಿದರ್ಶನ. ಉದ್ದೇಶ ಘನವಾದುದಾಗಿದ್ದರೂ 7 ಇಂಚಿನ ಪರದೆ, 256 ಎಂಬಿ ರ‍್ಯಾಮ್ ಓದಿನ ಭಾರವನ್ನು ಹೊರಲು ಸಾಲದಾದವು. ಇಂದು ಹಳೆಯ ಮಾದರಿಯನ್ನು ರಿಯಾಯಿತಿಯಲ್ಲಿ ಕೊಳ್ಳುವವರು ಆಂಡ್ರಾಯ್ಡ್‌ನ ಭದ್ರತಾ ನವೀಕರಣ ಇನ್ನೆಷ್ಟು ವರ್ಷ ದೊರೆಯುವುದೆಂದು ವಿಚಾರಿಸಬೇಕು. ಬಿಲ್ಲು, ವಾರಂಟಿ, ಸಮೀಪದ ದುರಸ್ತಿ ಕೇಂದ್ರಗಳನ್ನು ಖಚಿತಪಡಿಸಿಕೊಳ್ಳಬೇಕು.

ಅಂಗಡಿಗೆ ಹೋಗುವಾಗ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕವೊಂದನ್ನು ಮೊಬೈಲಿನಲ್ಲಿ ಒಯ್ದು, ಪ್ರದರ್ಶನದ ಟ್ಯಾಬ್ಲೆಟ್‌ನಲ್ಲಿ ತೆರೆಸಿ ನೋಡುವುದು ಉತ್ತಮ. ಹಿಗ್ಗಿಸದೆ, ಕಣ್ಣು ಕಿರಿದಾಗಿಸದೆ ಎರಡು ಪುಟ ಓದಲಾದರೆ ಆ ಟ್ಯಾಬ್ಲೆಟ್ ಕೊಟ್ಟ ಹಣಕ್ಕೆ ತಕ್ಕುದು.