ಕ್ವಿನ್ಸ್ ಹಣ್ಣಿನ ಬೇಸಾಯ: ಶೀತ ಪ್ರದೇಶದ ಬೆಳೆಯ ಪರಿಚಯ ಮತ್ತು ಸಸಿ ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

ಸೇಬು ಹಾಗೂ ಮರಸೇಬುಗಳಂತೆಯೇ ಗುಲಾಬಿ ಕುಟುಂಬಕ್ಕೆ ಸೇರಿದ ಕ್ವಿನ್ಸ್, ಶೀತ ಪ್ರದೇಶದ ಪುರಾತನ ಹಣ್ಣಿನ ಬೆಳೆಗಳಲ್ಲಿ ಒಂದು. ಇದರ ಸಸ್ಯಶಾಸ್ತ್ರೀಯ ಹೆಸರು ಸೈಡೋನಿಯಾ ಆಬ್ಲಾಂಗಾ. ಕಾಕಸಸ್ ಪರ್ವತ ಪ್ರದೇಶ ಮತ್ತು ಉತ್ತರ ಇರಾನ್ ಇದರ ಮೂಲಸ್ಥಾನ. ಭಾರತದಲ್ಲಿ ಇದು ಮುಖ್ಯವಾಗಿ ಕಾಶ್ಮೀರ ಕಣಿವೆಯಲ್ಲಿ ಬೆಳೆಯುತ್ತದೆ. ಅಲ್ಲಿ ಇದನ್ನು ‘ಬಮ್‌ಚೂಂಠ್’ ಎಂದು ಕರೆದು, ಬದನೆಕಾಯಿಯೊಡನೆ ಬೇಯಿಸಿ ಪಲ್ಯ ಮಾಡುವ ರೂಢಿಯಿದೆ. ಗ್ರಂಥಿಗೆ ಅಂಗಡಿಗಳಲ್ಲಿ ದೊರೆಯುವ ‘ಬಿಹಿದಾನ’ ಈ ಹಣ್ಣಿನ ಬೀಜವೇ ಆಗಿದೆ.

ಹಣ್ಣಿನ ಸ್ವರೂಪ

ಕ್ವಿನ್ಸ್ ಮರವು 4ರಿಂದ 6 ಮೀಟರ್ ಎತ್ತರ ಬೆಳೆಯುತ್ತದೆ. ಕಾಯಿಯ ಮೇಲೆ ಬೂದುಬಣ್ಣದ ನವಿರಾದ ರೋಮವಿದ್ದು, ಮಾಗಿದಾಗ ಸಿಪ್ಪೆ ಹೊಂಬಣ್ಣಕ್ಕೆ ತಿರುಗಿ ಸುವಾಸನೆ ಬೀರುತ್ತದೆ. ತಿರುಳು ಗಟ್ಟಿಯಾಗಿಯೂ ಒಗರಾಗಿಯೂ ಇರುವುದರಿಂದ ಹೆಚ್ಚಿನ ತಳಿಗಳನ್ನು ಹಸಿಯಾಗಿ ತಿನ್ನಲಾಗದು. ನಿಧಾನವಾಗಿ ಬೇಯಿಸಿದಾಗ ತಿರುಳು ಮೃದುವಾಗಿ ಕೆಂಬಣ್ಣ ತಳೆಯುತ್ತದೆ. ಪೆಕ್ಟಿನ್ ಅಂಶ ಅಧಿಕವಾಗಿರುವುದರಿಂದ ಜಾಮ್ ಮತ್ತು ಜೆಲ್ಲಿಗಳಿಗೆ ಇದು ಉತ್ತಮ. ‘ಮಾರ್ಮಲೇಡ್’ ಎಂಬ ಪದವು ಈ ಹಣ್ಣಿನ ಪೋರ್ಚುಗೀಸ್ ಹೆಸರಾದ ‘ಮಾರ್ಮೆಲೊ’ದಿಂದ ಬಂದಿದೆ.

ಚಳಿಯ ಅಗತ್ಯ

ಶರತ್ಕಾಲದಲ್ಲಿ ಎಲೆ ಉದುರಿಸಿದ ಮರವು ಸುಪ್ತಾವಸ್ಥೆಗೆ ಜಾರುತ್ತದೆ. ಮೊಗ್ಗುಗಳ ಬೆಳವಣಿಗೆಯನ್ನು ತಡೆದಿರುವ ಆಂತರಿಕ ಪ್ರಕ್ರಿಯೆಗಳು ಸಡಿಲಗೊಳ್ಳಲು ನಿರ್ದಿಷ್ಟ ಅವಧಿಯ ಚಳಿ ಬೇಕು. ಉಷ್ಣಾಂಶವು 0ಯಿಂದ 7 ಡಿಗ್ರಿ ಸೆಲ್ಸಿಯಸ್ ನಡುವೆ ಇರುವ ಗಂಟೆಗಳನ್ನು ಕೂಡಿಸಿ ಈ ಅವಧಿಯನ್ನು ಲೆಕ್ಕಹಾಕಲಾಗುತ್ತದೆ. ಕ್ವಿನ್ಸ್‌ಗೆ ತಳಿಗೆ ಅನುಗುಣವಾಗಿ ಸುಮಾರು 100ರಿಂದ 500 ಗಂಟೆಗಳ ಚಳಿ ಅಗತ್ಯ. ಇದು ದೊರೆಯದಿದ್ದಲ್ಲಿ ಮೊಗ್ಗುಗಳು ಏಕಕಾಲಕ್ಕೆ ಒಡೆಯದೆ ಹೂವು ವಿರಳವಾಗುತ್ತದೆ. ಮರ ಹಸಿರಾಗಿದ್ದರೂ ಫಸಲು ಬಾರದು.

ಸುಪ್ತಾವಸ್ಥೆಯಲ್ಲಿರುವ ಮರವು ಸುಮಾರು ಮೈನಸ್ 25 ಡಿಗ್ರಿಯವರೆಗಿನ ಶೀತವನ್ನು ತಾಳಬಲ್ಲದು. ಆದರೆ ಅರಳಿದ ಹೂವು ಮೈನಸ್ 2 ಡಿಗ್ರಿಯ ಆಸುಪಾಸಿನಲ್ಲಿಯೇ ಹಾನಿಗೊಳಗಾಗುತ್ತದೆ. ಹೊಸ ಚಿಗುರಿನ ತುದಿಯಲ್ಲಿ ಹೂವು ತಡವಾಗಿ ಅರಳುವುದರಿಂದ ಸಾಮಾನ್ಯವಾಗಿ ವಸಂತದ ಹಿಮದಿಂದ ಪಾರಾಗುತ್ತದೆ.

ಬೇಸಾಯ ಕ್ರಮ

ಬಿಸಿಲು ಬೀಳುವ, ಗಾಳಿಯ ಹೊಡೆತವಿಲ್ಲದ ಜಾಗವನ್ನು ಆರಿಸಬೇಕು. ಹಣ್ಣು ಮಾಗಲು ದೀರ್ಘವಾದ ಬೇಸಿಗೆ ಅವಶ್ಯಕ. ತೇವ ಹಿಡಿಯುವ ಫಲವತ್ತಾದ ಮಣ್ಣು ಸೂಕ್ತ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದ ಎಲೆಗಳು ಹಳದಿಯಾಗುತ್ತವೆ. ಬಲಿತ ಕಡ್ಡಿಗಳನ್ನು ನೆಟ್ಟು ಅಥವಾ ಬುಡಕ್ಕೆ ಮಣ್ಣೇರಿಸಿ ಬೇರು ಬರಿಸಿ ಸಸ್ಯಾಭಿವೃದ್ಧಿ ಮಾಡಲಾಗುತ್ತದೆ. 4ರಿಂದ 5 ಮೀಟರ್ ಅಂತರದಲ್ಲಿ, ಚಳಿಗಾಲದ ಸುಪ್ತಾವಸ್ಥೆಯಲ್ಲಿ ಸಸಿ ನೆಡುವುದು ವಾಡಿಕೆ. ಬೇರು ಮೇಲ್ಪದರದಲ್ಲಿ ಹರಡುವುದರಿಂದ ಬುಡದ ಸುತ್ತ ಹುಲ್ಲು ಅಥವಾ ತರಗಿನ ಹೊದಿಕೆ ಹಾಕಬೇಕು. ಚಿಗುರಿನ ತುದಿಯಲ್ಲಿ ಕಾಯಿ ಕಟ್ಟುವುದರಿಂದ ಸವರುವಿಕೆ ಮಿತವಾಗಿರಲಿ. ಒಣಗಿದ ಹಾಗೂ ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನಷ್ಟೇ ತೆಗೆಯಬೇಕು. ಸ್ವಪರಾಗಸ್ಪರ್ಶ ಸಾಧ್ಯವಿರುವುದರಿಂದ ಒಂಟಿ ಮರವೂ ಫಲ ನೀಡುತ್ತದೆ. ನೆಟ್ಟ 4–5ನೆಯ ವರ್ಷದಿಂದ ಫಸಲು ಆರಂಭವಾಗುತ್ತದೆ.

ಮರಸೇಬನ್ನು ಗಿಡ್ಡವಾಗಿ ಬೆಳೆಸಲು ಕ್ವಿನ್ಸ್ ಅನ್ನು ಬೇರುಸಸಿಯಾಗಿ ಬಳಸುವುದುಂಟು. ಆದರೆ ಬಾರ್ಟ್ಲೆಟ್‌ನಂತಹ ಕೆಲವು ಮರಸೇಬು ತಳಿಗಳು ಇದರೊಂದಿಗೆ ನೇರವಾಗಿ ಸರಿಯಾಗಿ ಕಸಿಗೂಡುವುದಿಲ್ಲ.

ಜಿಲ್ಲೆಯ ರೈತರು ಗಮನಿಸಬೇಕಾದುದು

ಕೊಡಗು ಮತ್ತು ಚಿಕ್ಕಮಗಳೂರಿನ ಎತ್ತರದ ಪ್ರದೇಶಗಳ ಹವೆ ತಂಪಾಗಿದ್ದರೂ, ಅಲ್ಲಿ 7 ಡಿಗ್ರಿಗಿಂತ ಕೆಳಗಿನ ಉಷ್ಣಾಂಶ ನೂರಾರು ಗಂಟೆಗಳ ಕಾಲ ಉಳಿಯುವುದಿಲ್ಲ. ಇದಲ್ಲದೆ ಮುಂಗಾರಿನ ಎಡೆಬಿಡದ ತೇವದಲ್ಲಿ ಕ್ವಿನ್ಸ್‌ಗೆ ಎಲೆಚುಕ್ಕೆ ರೋಗ ತಗಲಿ ಎಲೆ ಉದುರುವ ಸಂಭವವಿದೆ. ಆದ್ದರಿಂದ ‘ತಂಪು ಹವೆ’ ಬೇರೆ, ‘ಚಳಿಯ ಗಂಟೆ’ ಬೇರೆ ಎಂಬುದನ್ನು ಮನಗಾಣಬೇಕು. ಶೀತ ಪ್ರದೇಶದ ಯಾವುದೇ ಹಣ್ಣಿನ ಸಸಿಯನ್ನು ಕೊಳ್ಳುವ ಮುನ್ನ ಈ ಕೆಳಗಿನ ವಿಷಯಗಳನ್ನು ಖಚಿತಪಡಿಸಿಕೊಳ್ಳುವುದು ಹಿತಕರ:

1. ತಳಿಯ ಹೆಸರು ಮತ್ತು ಅದಕ್ಕೆ ಬೇಕಾದ ಚಳಿಯ ಗಂಟೆಗಳು.
2. ಕಸಿಗೆ ಬಳಸಿದ ಬೇರುಸಸಿ.
3. ಇಂತಹುದೇ ಹವಾಗುಣದಲ್ಲಿ ಆ ತಳಿ ಸತತವಾಗಿ ಕೆಲವು ವರ್ಷ ಫಸಲು ನೀಡಿರುವ ತೋಟ. ಸಾಧ್ಯವಾದರೆ ಅಲ್ಲಿಗೆ ಖುದ್ದು ಭೇಟಿ.
4. ತಳಿಯ ಹೆಸರು ನಮೂದಿಸಿರುವ ರಸೀದಿ.

ಹಣ್ಣಿನ ಮರದ ಆಯ್ಕೆಯಲ್ಲಿ ಆದ ತಪ್ಪು ತಿಳಿಯುವುದು ನಾಲ್ಕೈದು ವರ್ಷಗಳ ನಂತರ. ಅಷ್ಟರಲ್ಲಿ ಹಣ, ದುಡಿಮೆ ಮತ್ತು ಭೂಮಿ ಮೂರೂ ವ್ಯರ್ಥವಾಗಿರುತ್ತವೆ. ಆಸಕ್ತಿಯುಳ್ಳವರು ಇರುವ ಕಾಫಿ, ಮೆಣಸು ಅಥವಾ ಅಡಿಕೆಯನ್ನು ತೆಗೆಯದೆ, ಹಿತ್ತಲಿನಲ್ಲಿ ಎರಡು ಮೂರು ಸಸಿಗಳನ್ನು ನೆಟ್ಟು ಪರೀಕ್ಷಿಸುವುದು ಸೂಕ್ತ. ವಿಸ್ತಾರವಾಗಿ ಬೆಳೆಯುವ ನಿರ್ಧಾರಕ್ಕೆ ಮುನ್ನ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಅಧಿಕಾರಿಗಳ ಸಲಹೆ ಪಡೆಯತಕ್ಕದ್ದು.