ತುಂಡು ತುಂಡಾಗಿ ಬೆಳೆಯುವ ಎಳೆ

ಡಿ.ಎನ್.ಎ. ಅಣುವಿನ ಎರಡು ಎಳೆಗಳು ಪರಸ್ಪರ ವಿರುದ್ಧ ದಿಕ್ಕಿಗೆ ಮುಖಮಾಡಿರುತ್ತವೆ. ನಕಲು ಹೆಣೆಯುವ ಕಿಣ್ವವಾದರೋ ಒಂದೇ ದಿಕ್ಕಿನಲ್ಲಿ ಸಾಗಬಲ್ಲುದು. ಹಾಗಿದ್ದೂ ಎಳೆಗಳು ಬಿಚ್ಚಿಕೊಂಡಂತೆಲ್ಲ ಎರಡರ ನಕಲೂ ಒಟ್ಟೊಟ್ಟಿಗೇ ಬೆಳೆಯುವುದು ಹೇಗೆ? ಒಂದು ಎಳೆಯ ನಕಲಾದರೂ ಹಿಮ್ಮುಖವಾಗಿ, ತುಂಡು ತುಂಡಾಗಿ ಸಿದ್ಧವಾಗಿ, ಅನಂತರ ಬೆಸೆದುಕೊಳ್ಳುತ್ತಿರಬೇಕೆಂದು ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದ ರೇಜಿ ಒಕಾಝಾಕಿ ಮತ್ತು ಅವರ ಪತ್ನಿ ತ್ಸುನೆಕೊ ಊಹಿಸಿದರು.

ಊಹೆ ನಿಜವಾದರೆ, ಆಗತಾನೆ ಹುಟ್ಟಿದ ಎಳೆ ಗಿಡ್ಡವಾಗಿರಲೇಬೇಕು. ಅವರು ಬ್ಯಾಕ್ಟೀರಿಯಗಳಿಗೆ ಟ್ರಿಟಿಯಮ್ ಬೆರೆತ ವಿಕಿರಣಶೀಲ ಥೈಮಿಡೀನನ್ನು ಕೆಲವೇ ಸೆಕೆಂಡುಗಳ ಕಾಲ ಉಣಿಸಿ, ಒಡನೆಯೇ ಕ್ರಿಯೆಯನ್ನು ನಿಲ್ಲಿಸಿದರು. ಭೌತಶಾಸ್ತ್ರದವರಾದ ನಾವು ಮೆಚ್ಚುವುದು ಈ ಚುರುಕನ್ನೇ! ಬಳಿಕ ಕ್ಷಾರದಿಂದ ಎಳೆಗಳನ್ನು ಬೇರ್ಪಡಿಸಿ, ಸಕ್ಕರೆಯ ದ್ರಾವಣದ ಮೇಲಿಟ್ಟು ಅತಿವೇಗದಿಂದ ತಿರುಗಿಸಿದರು. ಉದ್ದನೆಯ ಎಳೆಗಳು ಬೇಗ ಕೆಳಗಿಳಿಯುತ್ತವೆ. ಗಿಡ್ಡವು ಮೇಲೆಯೇ ಉಳಿಯುತ್ತವೆ. ವಿಕಿರಣದ ಗುರುತು ಹೆಚ್ಚಾಗಿ ಸಿಕ್ಕಿದ್ದು ಒಂದೆರಡು ಸಾವಿರ ನ್ಯೂಕ್ಲಿಯೊಟೈಡುಗಳಷ್ಟೇ ಉದ್ದದ ತುಂಡುಗಳಲ್ಲಿ. ಹೆಚ್ಚು ಹೊತ್ತು ಉಣಿಸಿದಾಗ ಅದು ಉದ್ದನೆಯ ಎಳೆಗಳನ್ನು ಸೇರಿತ್ತು. 1968ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು.

ಆದರೆ ಇವು ಪ್ರಯೋಗದ ನಡುವೆ ಮುರಿದ ಚೂರುಗಳೇ ಆಗಿರಬಾರದೇಕೆ? ಬೆಸೆಯುವ ಕಿಣ್ವ ಲೈಗೇಸ್. ಶಾಖ ಹೆಚ್ಚಿದಾಗ ಇದು ನಿಷ್ಕ್ರಿಯವಾಗುವಂಥ ಟಿ4 ವೈರಸ್ ತಳಿಯೊಂದನ್ನು ಬ್ಯಾಕ್ಟೀರಿಯಗಳಿಗೆ ಸೋಂಕಿಸಿ, ಶಾಖವನ್ನು ಏರಿಸಿ ನೋಡಿದರು. ತುಂಡುಗಳು ಬೆಸೆದುಕೊಳ್ಳದೆ ರಾಶಿಬಿದ್ದವು!

ಹಿರೋಷಿಮಾದವರಾದ ರೇಜಿ 1975ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಪ್ರತಿಯೊಂದು ತುಂಡಿನ ಹೆಣಿಗೆಯೂ ಪುಟ್ಟದೊಂದು ಆರ್.ಎನ್.ಎ. ಎಳೆಯಿಂದ ಮೊದಲಾಗುವುದೆಂಬುದನ್ನು ದೃಢಪಡಿಸುವ ಕೆಲಸವನ್ನು ತ್ಸುನೆಕೊ ಮುಂದುವರಿಸಿದರು.