ಕಾಲರಾದ ವಿಷ, ಕೋಲ್ಕತ್ತದ ಉತ್ತರ

ಕಾಲರಾಕ್ಕೆ ಕಾರಣವಾದ ‘ವಿಬ್ರಿಯೊ ಕಾಲರೆ’ ಎಂಬ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1884ರಲ್ಲಿ ಕೋಲ್ಕತ್ತದಲ್ಲಿ ಪ್ರತ್ಯೇಕಿಸಿ ಬೆಳೆಸಿದರೂ, ಅದು ಮನುಷ್ಯನನ್ನು ಕೊಲ್ಲುವ ಬಗೆ ಮುಂದಿನ ಏಳು ದಶಕಗಳವರೆಗೆ ಸ್ಪಷ್ಟವಾಗಿರಲಿಲ್ಲ. ಅದೇ ನಗರದ ವಿಜ್ಞಾನಿ ಶಂಭುನಾಥ ದೇ, ಬ್ಯಾಕ್ಟೀರಿಯಾವನ್ನೆಲ್ಲ ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿನ ಎರಡೂ ತುದಿ ಕಟ್ಟಿದ ಭಾಗಕ್ಕೆ ಹಾಕಿದಾಗಲೂ ಅದು ನೀರು ತುಂಬಿಕೊಂಡು ಉಬ್ಬುವುದನ್ನು ಕಂಡು, ರೋಗದ ಮೂಲ ಬ್ಯಾಕ್ಟೀರಿಯಾ ಸ್ರವಿಸುವ ವಿಷವೆಂದು 1959ರಲ್ಲಿ ಪ್ರಕಟಿಸಿದರು. ಇಷ್ಟು ದೊಡ್ಡ ಶೋಧಕ್ಕೆ ಸಲ್ಲಬೇಕಾದ ಮನ್ನಣೆ ಅವರಿಗೆ ಸಲ್ಲಲಿಲ್ಲ ಎನ್ನಲೇಬೇಕು.

ಈ ವಿಷವು ದೇಹದ ನೀರನ್ನೂ ಲವಣವನ್ನೂ ಕರುಳಿಗೆ ಹರಿಸಿಬಿಡುವುದರಿಂದ, ಕಳೆದುಹೋದುದನ್ನು ತುಂಬಿಕೊಡುವುದೇ ಮೊದಲ ಚಿಕಿತ್ಸೆ. 1971ರಲ್ಲಿ ಪಶ್ಚಿಮ ಬಂಗಾಳದ ಗಡಿಪಟ್ಟಣ ಬನಗಾಂವ್‌ನ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಲನಬೀಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸಿದರು. ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಸೋಡಿಯಂ ಅನ್ನೂ ಅದರ ಬೆನ್ನಿಗೇ ನೀರನ್ನೂ ಒಳಗೆಳೆಯುತ್ತದೆ. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು.

ಆ್ಯಂಟಿಬಯೋಟಿಕ್, ಅಂದರೆ ಪ್ರತಿಜೀವಕ, ಭೇದಿಯ ಅವಧಿಯನ್ನು ತಗ್ಗಿಸುತ್ತದೆ, ಅಷ್ಟೇ. ಆದರೆ ಈ ಬ್ಯಾಕ್ಟೀರಿಯಾ ಇತರ ಬ್ಯಾಕ್ಟೀರಿಯಾಗಳಿಂದ ನಿರೋಧಕ ಜೀನುಗಳನ್ನು ಗುಂಪಾಗಿಯೇ ಪಡೆದು, ಒಮ್ಮೆಗೇ ಹಲವು ಔಷಧಿಗಳಿಗೆ ಬಗ್ಗದಂತಾಗಬಲ್ಲದು. 1992ರಲ್ಲಿ ಮದ್ರಾಸಿನಲ್ಲಿ ಕಾಣಿಸಿಕೊಂಡು ಕೋಲ್ಕತ್ತಕ್ಕೂ ಹಬ್ಬಿದ ಒ139 ತಳಿಯಲ್ಲಿ ಅಂಥ ಗುಂಪು ಪತ್ತೆಯಾಯಿತು. ಭೇದಿಯಾದೊಡನೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳುವವರು ಮೊದಲು ಇಂಥದೇ ಗ್ಲೂಕೋಸ್-ಲವಣಗಳ ಒಆರ್‌ಎಸ್ ಪೊಟ್ಟಣ ಕೇಳಲಿ, ಮಾತ್ರೆಯ ಮಾತನ್ನು ವೈದ್ಯರಿಗೆ ಬಿಡಲಿ.